ನಡುವಿನ ಚೆಂಡು

"ನೀವಾ...?"

ಅಮೃತಾಳ ಕೈಯಿಂದ ಚೆಂಡು ಜಾರಿತು. ಸಿಮೆಂಟಿನ ಕೋರ್ಟಿನ ಮೇಲೆ ಪುಟಿಯುತ್ತಾ ಹೋಗಿ, ಎದುರಿಗೆ ನಿಂತವನ ಬೂಟಿಗೆ ತಗುಲಿ ನಿಂತಿತು.

ಅವನು ಬಗ್ಗಿ ಅದನ್ನು ಎತ್ತಿಕೊಂಡ. ಕೊಡಲೋ ಬೇಡವೋ ಎಂಬಂತೆ ಕೈಯಲ್ಲೇ ಹಿಡಿದು ನಿಂತ.

'ಇಡೀ ಕೊಟ್ಟೂರು ತಾಲ್ಲೂಕಿನಾಗ ಇವರ ಸಿಗಬೇಕಿತ್ತಾ ದೇವರೇ!'

"ಏನ್ ಬೇಟಿ, ಮೊದಲಿಂದ ಪರಿಚಯ ಐತೇನು?" ಅಹಮದಸಾಬ ಸರ್ ಕೇಳಿದರು.

"ಇಲ್ಲ ಸರ್," ಎಂದಳು ಅಮೃತಾ ಅವಸರದಲ್ಲಿ.

"ಐತ್ರಿ," ಎಂದ ಅವನು, ಅದೇ ಹೊತ್ತಿಗೆ.

ಅಹಮದಸಾಬ ಸರ್ ಇಬ್ಬರ ಮುಖವನ್ನೂ ನೋಡಿದರು. ಕಾಲೇಜಿನಲ್ಲಿ ಆಟ ಕಲಿಸಿ ನಿವೃತ್ತರಾದವರು ಅವರು. ಗಡ್ಡ ಬೆಳ್ಳಗಾಗಿದ್ದರೂ ಟೆನ್ನಿಸ್ ಅಂದರೆ ಇನ್ನೂ ಹುಡುಗರೇ.

"ಒಬ್ಬರು ಇಲ್ಲ ಅಂತೀರಿ, ಒಬ್ಬರು ಐತಿ ಅಂತೀರಿ. ಭೇಷ್! ಜೋಡಿ ಅಂದ್ರ ಹಿಂಗಿರಬೇಕು!" ಎಂದು ನಕ್ಕರು. "ನೋಡಮ್ಮ, ನಿನ್ನ ಜೋಡಿ ಆಡಬೇಕಿದ್ದ ಸೋಮಶೇಖರ್ ಕಾಲು ಉಳುಕಿಸ್ಕೊಂಡು ಮಲಗ್ಯಾನ. ಇವರು ಮೌನೇಶ್ ಅಂತ, ಉಜ್ಜಿನಿ ದನದ ದವಾಖಾನಿ ಡಾಕ್ಟ್ರು. ಬೀದರ್ ಕಾಲೇಜಿನಾಗ ಓದುವಾಗ ಆಡ್ಯಾರ. ಬರೋ ಭಾನುವಾರ ಹರಪನಹಳ್ಳ್ಯಾಗ ಐದು ತಾಲ್ಲೂಕಿನ ಮಿಕ್ಸೆಡ್ ಡಬಲ್ಸ್. ಈ ಸಲ ಕಪ್ಪು ಕೊಟ್ಟೂರಿಗೆ ಬರಬೇಕು. ಅಷ್ಟ."

ಮೌನೇಶ್ ಚೆಂಡನ್ನು ಮೆಲ್ಲಗೆ ಅವಳ ಕಡೆ ಎಸೆದ. ಅಮೃತಾ ಹಿಡಿದಳು. ಎಡಗೈಯಲ್ಲಿ.

ಹಿಡಿದವಳೇ ಕೆಂಡ ಮುಟ್ಟಿದಂತೆ ಕೈ ಕೆಳಗಿಳಿಸಿದಳು.

ಈ ಎಡಗೈಯೇ ಅಲ್ಲವೇ ಎಲ್ಲಕ್ಕೂ ಕಾರಣ...!

*

ಹೋದ ಕಾರ್ತಿಕದಲ್ಲಿ ಇದೇ ಮೌನೇಶ್ ಅವಳನ್ನು ನೋಡಲು ಬಂದಿದ್ದ. ತಾಯಿಯಿಲ್ಲದ ಅವನನ್ನು ಸಾಕಿದ ದೊಡ್ಡವ್ವ ಶಿವಮ್ಮನೂ ಜೊತೆಗಿದ್ದಳು.

ಅಮೃತಾ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಸಾವಿರ ಮಕ್ಕಳ ಎದುರು ಸೀಟಿ ಊದುವವಳು ಅವತ್ತು ಸೆರಗನ್ನು ಮೂರು ಸಲ ಸರಿಮಾಡಿಕೊಂಡಿದ್ದಳು. ಅವ್ವ ನಾಗರತ್ನಮ್ಮ ಬೆಳಗಿನಿಂದ ಹೇಳಿದ್ದೇ ಹೇಳಿದ್ದು. "ಬಲಗೈಲೆ ಕೊಡವ್ವ ಚಾ... ನಿನ್ನ ಕಾಲು ಬೀಳ್ತೀನಿ."

ಆದರೆ ಬಿಸಿ ಕಪ್ಪು ಎತ್ತುವಾಗ ರೂಢಿಯ ಕೈಯೇ ಮುಂದೆ ಬಂತು. ಶಿವಮ್ಮನ ಮುಖ ಸಣ್ಣದಾಯಿತು. ಮೌನೇಶ್ ಮಾತ್ರ ಕಪ್ಪು ತೆಗೆದುಕೊಂಡು, ಆಮೇಲೆ ಅವಳು ಬಿಸ್ಕೀಟ್ ತಟ್ಟೆ ಹಿಡಿದಾಗ ಅವಳ ಕೈಯನ್ನೇ ನೋಡಿ, ಸಣ್ಣಗೆ ನಕ್ಕಿದ್ದ.

ಆ ನಗು ಹಾಸ್ಯವೋ, ಒಪ್ಪಿಗೆಯೋ? ಅಮೃತಾ ನಾಲ್ಕು ದಿನ ನಿದ್ದೆಗೆಟ್ಟಳು. ಒಪ್ಪಿಗೆಯೇ ಎಂದು ಮನಸ್ಸು ಹೇಳುತ್ತಿದ್ದಾಗಲೇ ಶಿವಮ್ಮನ ಫೋನು ಬಂತು.

"ಮನಿದೇವರಿಗೆ ಹೂ ಕೇಳಿದ್ವಿ ಅಕ್ಕಾ. ಎಡಕ್ಕ ಬಿತ್ತು. ಏನ್ ಮಾಡಾದು, ದೇವರ ಅಪ್ಪಣಿ ಇಲ್ಲ."

ಈ ಸೀಮೆಯಲ್ಲಿ ಒಂದು ಪದ್ಧತಿ. ಸಂಬಂಧ ಕೂಡಿಸುವ ಮುಂಚೆ ದೇವರ ಮೈಗೆ ಹೂ ಅಂಟಿಸಿ ಕೂರುತ್ತಾರೆ. ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ಆದರೆ ಮನಸ್ಸಿಲ್ಲದ ಸಂಬಂಧಕ್ಕೆ ಗುಡಿಯ ತನಕ ಹೋಗುವವರು ಕಡಿಮೆ. ಹೂ ಎಡಕ್ಕೆ ಬಿತ್ತು ಅಂದರೆ ಸಾಕು. ಮನುಷ್ಯರು ಬೇಡ ಅಂದರೆ ಜಗಳವಾಗುತ್ತದೆ. ದೇವರು ಬೇಡ ಅಂದರೆ ಯಾರ ಜೊತೆ ಜಗಳ ತೆಗೆಯುವುದು?

ಕೇಳಿದವರೂ ಮರುಮಾತಾಡುವುದಿಲ್ಲ. ಅದು ಮರ್ಯಾದೆ.

ನಾಗರತ್ನಮ್ಮನೂ ಮರುಮಾತಾಡಲಿಲ್ಲ. ಫೋನಿಟ್ಟು ಮಗಳ ಎಡಗೈಯನ್ನು ಒಮ್ಮೆ ನೋಡಿದಳು. ಅಷ್ಟೇ.

ಆ ನೋಟವನ್ನು ಅಮೃತಾ ಇನ್ನೂ ಮರೆತಿಲ್ಲ.

*

"ಮತ್ತ ನೀನು ಆಡಾಕ ಹೋಗಾದು ಬ್ಯಾಡ," ಎಂದಳು ನಾಗರತ್ನಮ್ಮ, ಮಗಳು ಕೋರ್ಟಿನಿಂದ ಮನೆಗೆ ಬಂದ ಸಂಜೆ ರೊಟ್ಟಿ ತಟ್ಟುತ್ತಾ. "ಆ ಹುಡುಗನ ಜೋಡಿ ಕುಣದಿ ಅಂದ್ರ ಮಂದಿ ಏನಂದಾರು? ಸೋಮವಾರ ದಾವಣಗೇರಿಯವರು ಬರಾಕತ್ತಾರ."

"ಕುಣಿಯೋದಲ್ಲವ್ವ, ಆಡೋದು."

"ಎರಡೂ ಒಂದ. ಅವರು ಹೂ ಕೇಳ್ಯಾರ, ಬಲಕ್ಕ ಬಿದ್ದೈತಿ. ಇನ್ನೇನು ಬೇಕು ನಿನಗ?"

"ಮದುವಿ ಆದ ಮ್ಯಾಲ ಆಟ ಬಂದ್ ಅಂದಾರಲ್ಲವ್ವ... ಮಂದಿ ಮುಂದ ಎಡಗೈಲೆ ಏನೂ ಮಾಡಬಾರದಂತಲ್ಲ..."

ನಾಗರತ್ನಮ್ಮ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಹೊಗೆಗೋ ಏನೋ, ಕಣ್ಣೊರೆಸಿಕೊಂಡಳು.

"ನನಗೂ ವಯಸ್ಸಾತು ಅಮ್ಮು. ಹೂಂ ಅನ್ನು. ಸಾಕು."

"ಭಾನುವಾರ ಸಂಜಿಗೆ ಹೇಳ್ತೀನಿ."

"ಹೂಂ ಅಂತ ತಾನ?"

"...ಬಹುತೇಕ."

ಹೇಳಿದ್ದೇನೋ ಹೇಳಿದಳು. ಎದೆಯೊಳಗೆ ಮಾತ್ರ ಒಂದೇ ಪ್ರಶ್ನೆ ಮುಳ್ಳಿನಂತೆ ಆಡುತ್ತಿತ್ತು. 'ಅವನಿಗೆ ಬೇಡವಾಗಿದ್ದು ನಾನಾ, ನನ್ನ ಕೈಯಾ?'

ಕೈ ಎಂದಾದರೆ, ಜೀವನವಿಡೀ ಅದನ್ನು ಸೆರಗಿನಡಿ ಮುಚ್ಚಿಟ್ಟು ಬದುಕಬಹುದು. ದಾವಣಗೆರೆಯವರಿಗೆ ಹೂಂ ಅನ್ನಬಹುದು. ಆದರೆ ಅವನು ನಕ್ಕಿದ್ದೇಕೆ?

*

ಮರುದಿನದಿಂದ ಅಭ್ಯಾಸ.

"ಇಲ್ಲಿ ಕೇಳ್ರಿ," ಎಂದರು ಅಹಮದಸಾಬ ಸರ್. "ಇಬ್ಬರೂ ಬಲಗೈಯವರು ಇದ್ದ ಜೋಡಿಗೆ ನಡುವು ಅಂದ್ರ ತೂತು. ಒಬ್ಬರದು ಬ್ಯಾಕ್‌ಹ್ಯಾಂಡ್ ಹೊಡತ ಬರತೈತಿ, ಅದಕ್ಕ ಬಲ ಕಡಿಮಿ. ನಮ್ಮ ಅದೃಷ್ಟ, ಬೇಟಿ ಎಡಗೈ ಆಟಗಾರ್ತಿ. ನೀನು ಬಲಕ್ಕ ನಿಂದ್ರು, ಡಾಕ್ಟ್ರು ಎಡಕ್ಕ ನಿಂದ್ರಲಿ. ಇಬ್ಬರ ಫೋರ್‌ಹ್ಯಾಂಡ್ ಹೊಡತಾನೂ ನಡುವಿನಾಗ! ಅಲ್ಲಿ ಬಂದ ಚೆಂಡು ಯಮನ ಬಾಯಾಗ ಬಂದಂಗ!"

ಕೇಳಲು ಚೆನ್ನಾಗಿತ್ತು.

ಆಟಕ್ಕಿಳಿದರೆ ನಡುವೆ ಬಂದ ಚೆಂಡನ್ನು ಮೌನೇಶ್ ಮುಟ್ಟಲೇ ಇಲ್ಲ! ಒಂದು ಹೆಜ್ಜೆ ಮುಂದಿಡುತ್ತಿದ್ದ, ಅಮೃತಾಳ ನೆರಳು ಕಂಡ ಕೂಡಲೇ ಹಿಂದಕ್ಕೆ ಸರಿಯುತ್ತಿದ್ದ. ಅವನು ಹೊಡೆಯುತ್ತಾನೆಂದು ಅಮೃತಾ ಬಿಡುತ್ತಿದ್ದಳು. ಚೆಂಡು ಇಬ್ಬರ ನಡುವೆ ರಾಜನ ಹಾಗೆ ಹಾದು ಹೋಗುತ್ತಿತ್ತು.

"ಕೂಗ್ರಿ!" ಸರ್ ಚೀರಿದರು. "'ನಂದು' ಅನ್ರಿ, ಇಲ್ಲಾ 'ನಿಂದು' ಅನ್ರಿ! ಡಾಕ್ಟ್ರೆ, ದನ ಮಾತಾಡಂಗಿಲ್ಲ ಅಂತ ನೀವೂ ಬಾಯಿ ಬಿಡಂಗಿಲ್ಲೇನು?"

"...ನಿಮ್ಮದ್ರಿ ಟೀಚರ್," ಎಂದ ಮೌನೇಶ್.

ಅಷ್ಟರಲ್ಲಿ ಚೆಂಡು ಹಿಂದಿನ ಜಾಲಿಗೆ ಬಡಿದು ಮಲಗಿತ್ತು.

"ಕಾಗದ ಬರದು ಹಾಕ್ರಿ ಇನ್ನೊಮ್ಮೆ! ಬೇಗ ಮುಟ್ಟತೈತಿ!"

ಅಮೃತಾಳಿಗೆ ನಗು ಬರಬೇಕಿತ್ತು, ಅಳು ಬಂತು. 'ನನ್ನ ಹತ್ತಿರ ಬರೋದು ಇವರಿಗೆ ಅಷ್ಟು ಅಸಹ್ಯವಾ?'

ಮೂರನೆಯ ಸಂಜೆಗೆ ಸರ್ ತಾಳ್ಮೆ ಮುಗಿಯಿತು. "ನಿಮ್ಮಿಬ್ಬರ ನಡುವ ಬಸ್ಸು ಹೋಗೋವಷ್ಟು ಜಾಗ ಐತಿ! ಎರಡು ಮಾರು ದೂರ ಇರಬೇಕು, ಹೆಚ್ಚೂ ಇಲ್ಲ, ಕಡಿಮಿನೂ ಇಲ್ಲ. ಒಬ್ಬರು ಬಲಕ್ಕ ಸರದ್ರ ಇನ್ನೊಬ್ಬರೂ ಬಲಕ್ಕ. ಒಬ್ಬರು ಮುಂದ ಹೋದ್ರ ಇನ್ನೊಬ್ಬರೂ ಮುಂದ. ಡಾಕ್ಟ್ರೆ, ನಿಮ್ಮ ಬೈಕಿನಾಗ ಹಗ್ಗ ಐತೇನು?"

ಮೌನೇಶ್ ಹಗ್ಗ ತಂದ. ಸರ್ ಅದರ ಒಂದು ತುದಿಯನ್ನು ಅವನ ಸೊಂಟಕ್ಕೆ, ಇನ್ನೊಂದನ್ನು ಅಮೃತಾಳ ಸೊಂಟಕ್ಕೆ ಕಟ್ಟಿದರು.

"ಸರ್! ಇದು ದನ ಕಟ್ಟೋ ಹಗ್ಗ!"

"ತೊಳದೈತ್ರಿ," ಎಂದ ಮೌನೇಶ್ ಗಾಬರಿಯಿಂದ.

ಮೂರು ದಿನದಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಹಗ್ಗದ ಜೊತೆ ಆಡುವುದು ಸುಲಭವಲ್ಲ. ಅವಳು ಓಡಿದರೆ ಅವನು ಎಳೆಸಿಕೊಂಡು ಬರಬೇಕು. ಅವನು ನಿಂತರೆ ಅವಳು ತಡವರಿಸಬೇಕು. ಎರಡು ಸಲ ಬಿದ್ದಳು. ಮೂರನೆಯ ಸಲ ಬೀಳುವಷ್ಟರಲ್ಲಿ ಅವನೇ ಹಗ್ಗ ಸಡಿಲಿಸಿ ಪಕ್ಕಕ್ಕೆ ಬಂದಿದ್ದ.

ಕತ್ತಲಾಗುವ ಹೊತ್ತಿಗೆ ಏನೋ ಆಯಿತು. ತಿರುಗಿ ನೋಡದೆಯೂ ಅವನು ಎಲ್ಲಿದ್ದಾನೆಂದು ಅವಳ ಸೊಂಟಕ್ಕೆ ಗೊತ್ತಾಗುತ್ತಿತ್ತು. ಅವನ ಉಸಿರು ಹತ್ತಿದ್ದು, ಅವನು ತೂಕ ಬದಲಿಸಿದ್ದು, ಎಲ್ಲ.

'ಬ್ಯಾಡ ಅಂದವನ ಉಸಿರು ನನಗ್ಯಾಕ ಬೇಕು?' ಎಂದು ತನ್ನನ್ನೇ ಬೈದುಕೊಂಡಳು. ಆದರೂ ಹಗ್ಗ ಬಿಚ್ಚಿದಾಗ ಮೈ ಹಗುರಾಗಲಿಲ್ಲ. ಏನೋ ಕಳೆದುಹೋದಂತೆ ಆಯಿತು.

ಅವತ್ತು ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ.

*

ಭಾನುವಾರ. ಹರಪನಹಳ್ಳಿಯ ಹಳೇ ಕ್ಲಬ್ಬಿನ ಕೋರ್ಟು. ಬೇವಿನ ಮರದಡಿ ಶಾಮಿಯಾನ, ಒಂದು ಮೈಕು, ಮಂಡಕ್ಕಿ ಮಿರ್ಚಿಯ ಗಾಡಿ.

ಬೆಳಿಗ್ಗೆ ಕೂಡ್ಲಿಗಿ ಜೋಡಿಯನ್ನು ಹೇಗೋ ಗೆದ್ದರು. ಅವರು ನಡುವೆ ಹೊಡೆಯುವಷ್ಟು ಜಾಣರಿರಲಿಲ್ಲ, ಅದೇ ಪುಣ್ಯ.

ಫೈನಲ್ಲಿಗೆ ಎದುರಾದವರು ಹಡಗಲಿಯ ಮುಬಶ್ಶಿರ ಮತ್ತು ಸೈಮಾ. ಗಂಡ ಹೆಂಡತಿ. ಅವನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ, ಅವಳು ಕಾಲೇಜಿನಲ್ಲಿ ಪಾಠ ಹೇಳುವವಳು. ಬೆಳಗಿನ ಆಟದಲ್ಲಿ ಅವರಿಬ್ಬರ ಜಗಳವನ್ನೇ ಜನ ಕೂತು ನೋಡಿದ್ದರು.

"ಸಾಹೇಬ್ರ, ಎದ್ದೇಳ್ರಿ! ಅಂಗಡ್ಯಾಗ ಕುಂತಂಗ ಕುಂತೀರಲ್ಲ!"

"ನೀನು ಬಿಡು ಅಂದ್ರ ನಾ ಹೊಡೀತೀನಿ! ನೀನ ಎಲ್ಲಾ ಹೊಡದ್ರ ನಾ ಯಾಕ ಬಂದೆ, ಬ್ಯಾಗ್ ಹೊರಾಕ?"

"ಅದಕ್ಕ ಕರ್ಕೊಂಡು ಬಂದಿದ್ದು!"

ಹೀಗೆ ಬೈದಾಡುತ್ತಲೇ ಗೆದ್ದುಬಿಟ್ಟಿದ್ದರು.

ಊಟದ ಬಿಡುವಿನಲ್ಲಿ ನೀರಿನ ನಲ್ಲಿಯ ಹತ್ತಿರ ಸೈಮಾ ಸಿಕ್ಕಳು. "ಅಕ್ಕಾ, ತಪ್ಪು ತಿಳೀಬ್ಯಾಡ್ರಿ. ನಿಮ್ಮವರು ನಡುವಿನ ಬಾಲ್ ಯಾಕ ಬಿಡ್ತಾರ?"

"ನಮ್ಮವರಲ್ಲ."

"ಓ..." ಸೈಮಾ ಮುಖ ತೊಳೆದುಕೊಂಡಳು. "ನೀವರ ಯಾಕ ಬಿಡ್ತೀರಿ?"

"ಅವರು ಹೊಡೀತಾರ ಅಂತ."

"ಕೇಳೀರೇನು ಅವರಿಗೆ?"

ಅಮೃತಾ ನಲ್ಲಿಯ ನೀರಿಗೆ ಕೈ ಒಡ್ಡಿದಳು.

"ನಮ್ಮ ಮನ್ಯಾಗ ದಿನಾ ಯುದ್ಧ. ಆದ್ರ ಅವರ ಮನಸಿನಾಗ ಏನೈತಿ ಅಂತ ನಾ ಎಂದೂ ಊಹಿ ಮಾಡಿಲ್ಲ ನೋಡ್ರಿ. ಕೇಳಿಬಿಡ್ತೀನಿ." ಸೈಮಾ ನಕ್ಕು, ಸ್ಕಾರ್ಫು ಬಿಗಿದುಕೊಂಡಳು. "ಇದನ್ನ ಹೇಳಿದ್ದಕ್ಕ ಆಟದಾಗ ಬಿಡ್ತೀನಿ ಅನ್ಕೋಬ್ಯಾಡ್ರಿ ಮತ್ತ. ಎಲ್ಲಾ ಬಾಲೂ ನಿಮ್ಮ ನಡುವ ಹೊಡಿಯಾಕಿ ನಾನು."

ಹೇಳಿದಂತೆಯೇ ಮಾಡಿದಳು. ಮೊದಲ ಸೆಟ್ಟು ಆರು-ಒಂದು. ಆ ಒಂದು ಗೇಮೂ ಮುಬಶ್ಶಿರ ಸಾಲಾಗಿ ಸರ್ವಿಸ್ ತಪ್ಪಿಸಿದ್ದಕ್ಕೆ ಸಿಕ್ಕಿದ್ದು.

ಅಹಮದಸಾಬ ಸರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮುಖ ನೋಡಲಾಗುತ್ತಿರಲಿಲ್ಲ.

ಸೆಟ್ಟಿನ ನಡುವಿನ ಬಿಡುವು. ಒಂದೇ ಬೆಂಚು. ಮೌನೇಶ್ ಆ ತುದಿ, ಅಮೃತಾ ಈ ತುದಿ. ಅವಳ ಫೋನು ಬ್ಯಾಗಿನೊಳಗೆ ಗುನುಗುತ್ತಿತ್ತು. ಅವ್ವ. ಸಂಜೆಯಾಗುತ್ತಾ ಬಂತು, ಉತ್ತರ ಬೇಕು ಅವಳಿಗೆ.

ಅಮೃತಾಳ ಒಳಗೆ ಏನೋ ಪಟ್ಟನೆ ಹರಿಯಿತು.

"ಯಾಕ ಬಿಡ್ತೀರಿ?"

ಮೌನೇಶ್ ಬೆಚ್ಚಿದ.

"ಹೇಳ್ರಿ! ನನ್ನ ಹತ್ರ ಬಂದ್ರ ಮೈಲಿಗಿ ಆಗತೈತೇನು? ಎಡಚಿ ಅಂತ ಮದುವಿಗೆ ಬಿಟ್ರಿ. ಸರಿ. ಆಟಕ್ಕರ ಬಿಡಬ್ಯಾಡ್ರಿ ಡಾಕ್ಟ್ರೆ!"

"ನಾನು... ಬಿಟ್ನ್ಯಾ?" ಅವನು ಇತ್ತ ತಿರುಗಿದ. "ಬ್ಯಾಡ ಅಂದವರು ನೀವಲ್ಲೇನ್ರಿ?"

"ನಾನಾ?!"

"ನಿಮ್ಮ ಮನ್ಯಾಗ ಹೂ ಕೇಳಿದ್ರಂತ. ಎಡಕ್ಕ ಬಿತ್ತಂತ. ಅಂದ್ರ ಇಷ್ಟ ಇಲ್ಲ ಅಂತ ಅಲ್ಲೇನು? ಅವತ್ತು ನಾ ಒಂದು ಮಾತೂ ಆಡಲಿಲ್ಲ, ಮೂಗ ಅನ್ಕೊಂಡ್ರೇನೋ ಅಂತ..."

"ನಮ್ಮ ಮನ್ಯಾಗ ಯಾರೂ ಹೂ ಕೇಳೇ ಇಲ್ಲ! ಕೇಳಿದ್ದು ನೀವು! ನಿಮ್ಮ ದೊಡ್ಡವ್ವನೇ ಫೋನ್ ಮಾಡಿ ನಮ್ಮವ್ವಗ ಹೇಳಿದ್ರು, ನಿಮ್ಮ ಹೂ ಎಡಕ್ಕ ಬಿತ್ತು ಅಂತ!"

ಮೌನೇಶ್ ಕೈಯಲ್ಲಿದ್ದ ನೀರಿನ ಬಾಟಲಿ ಕೆಳಗಿಟ್ಟ.

"ದೊಡ್ಡವ್ವ ನನಗ ಹೇಳಿದ್ದು... ನಿಮ್ಮ ಹೂ ಅಂತ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಾಗಾದರೆ ಹೂ ಯಾರೂ ಕೇಳಿಯೇ ಇಲ್ಲ. ಯಾವ ಹೂವೂ ಬಿದ್ದಿಲ್ಲ. ಮರ್ಯಾದೆಗೆಂದು ಎರಡೂ ಮನೆಯವರು ಮರುಪ್ರಶ್ನೆ ಮಾಡಲಿಲ್ಲ... ಅಷ್ಟೇ!

"ಟೈಮ್!" ಅಂಪೈರು ಕೂಗಿದ.

ಇನ್ನೂ ಮಾತು ಮುಗಿದಿರಲಿಲ್ಲ. ಮುಗಿಯುವುದೇನು, ಈಗ ಶುರುವಾಗಿತ್ತು! ಆದರೆ ಆಟ ಕಾಯುವುದಿಲ್ಲವಲ್ಲ.

ಅಮೃತಾ ನೆಟ್ಟಿನ ಹತ್ತಿರ ಹೋಗಿ ನಿಂತಳು. ಕಾಲು ನೆಲದ ಮೇಲಿರಲಿಲ್ಲ. ಸರ್ವಿಸ್ ಮಾಡಬೇಕಾದ ಮೌನೇಶ್ ಹಿಂದಿನ ಗೆರೆಯಿಂದ ನಡೆದು ಬಂದ. ಎದುರಾಳಿಗೆ ಕಾಣದಂತೆ ಬಾಯಿಗೆ ರಾಕೆಟ್ ಅಡ್ಡ ಹಿಡಿದ. ಡಬಲ್ಸ್ ಆಡುವವರು ಮುಂದಿನ ಹೊಡೆತದ ಗುಟ್ಟು ಮಾತಾಡುವುದು ಹೀಗೆಯೇ.

"ಹಂಗಂದ್ರ... ನೀವು ಬ್ಯಾಡ ಅಂದಿಲ್ಲ?"

"ಇಲ್ಲ."

"...ಸರ್ವಿಸ್ ನಡುವಿಗೆ ಹಾಕ್ತೀನಿ."

"ಹಾಕ್ರಿ."

ಚೆಂಡು ಹೋಯಿತು, ತಿರುಗಿ ಬಂತು. ಇಬ್ಬರ ನಡುವಿಗೇ! ಅಮೃತಾ ಒಂದು ಹೆಜ್ಜೆ ಅಡ್ಡ ಹಾರಿ ಎಡಗೈ ಬೀಸಿದಳು. ಸೈಮಾಳ ಕಾಲಬುಡಕ್ಕೆ ಬಿತ್ತು.

"ಭೇಷ್!" ಸರ್ ಟೋಪಿ ತಲೆಗೇರಿತು.

ಮುಂದಿನ ಪಾಯಿಂಟಿಗೆ ಮುಂಚೆ ಅವಳೇ ಹಿಂದೆ ಹೋದಳು. "ಅವತ್ತು ಯಾಕ ನಕ್ರಿ? ನನ್ನ ಕೈ ನೋಡಿ?"

"ಎಡಗೈಲೆ ಚಾ ಕೊಟ್ಟಾಗ ಒಂದು ಹನಿ ಚೆಲ್ಲಲಿಲ್ಲ. ಆಮ್ಯಾಲ ನಿಮ್ಮವ್ವ ಕಣ್ಣು ಬಿಟ್ರು. ಬಲಗೈಲೆ ಬಿಸ್ಕೀಟ್ ತಟ್ಟಿ ಹಿಡದ್ರಿ. ಬಿಸ್ಕೀಟೆಲ್ಲಾ ಕುಣಿಯಾಕ ಹತ್ತಿದ್ವು. ಅದಕ್ಕ... ನಗು ಬಂತು. ಚಂದ ಅನಿಸ್ತು."

ಅಮೃತಾ ತುಟಿ ಕಚ್ಚಿಕೊಂಡಳು. ಇಷ್ಟು ಉದ್ದದ ಮಾತು! ಇವನ ಬಾಯಲ್ಲಿ!

"ನೋಡ್ರಿ, ನೋಡ್ರಿ," ಅಹಮದಸಾಬ ಸರ್ ಪಕ್ಕದವರಿಗೆ ಹೇಳುತ್ತಿದ್ದರು, "ಹೆಂಗ ಪ್ಲಾನ್ ಮಾಡಾಕತ್ತಾವ ನನ್ನ ಮಕ್ಕಳು! ಇದಕ್ಕ ಅನ್ನೋದು ತಂತ್ರ!"

ತಂತ್ರ ಹೀಗಿತ್ತು.

"ಈ ಆಟಕ್ಕ ಯಾಕ ಒಪ್ಕೊಂಡ್ರಿ?"

"ಸರ್ ನಿಮ್ಮ ಹೆಸರು ಹೇಳಿದ್ರು. ...ಮುಬಶ್ಶಿರ ಎತ್ತಿ ಹೊಡೀತಾರ ಈಗ. ನಿಮ್ಮ ತಲಿ ಮ್ಯಾಲ ಬಂದ್ರ ನಾ ಹಿಂದ ಓಡ್ತೀನಿ, ನೀವು ನನ್ನ ಜಾಗಕ್ಕ ಬರ್ರಿ."

"ಬರ್ತೀನಿ. ...ಮತ್ತ ಬಾಲ್ ಯಾಕ ಬಿಡ್ತಿದ್ರಿ?"

"ಬ್ಯಾಡ ಅಂದವರ ಮೈಹತ್ರ ಹೆಂಗ ಬರಾದ್ರಿ? ನಿಮಗ ಮುಜುಗರ ಆದೀತು ಅಂತ..."

ಅಯ್ಯೋ ದೇವರೇ! ಅಸಹ್ಯ ಎಂದು ಅವಳು ತಿಳಿದದ್ದು ಗೌರವವಾಗಿತ್ತು!

"ಕೊಟ್ಟೂರು ಜೋಡಿ!" ಅಂಪೈರು ಮೈಕಿನಲ್ಲಿ ಗದರಿದ. "ಮಾತು ಸಾಕು. ಆಟ ಆಡ್ರಿ."

ಜನ ಹೋ ಎಂದು ನಕ್ಕರು. ನೆಟ್ಟಿನ ಆಚೆ ಸೈಮಾ ಗಂಡನ ಪಕ್ಕೆ ತಿವಿದು ಏನೋ ಹೇಳಿದಳು. ಅವನೂ ನಕ್ಕ.

ಆಟ ಬದಲಾಗಿತ್ತು. ಕೋರ್ಟಿನ ಮೇಲೆ ಹಗ್ಗವಿರಲಿಲ್ಲ, ಆದರೂ ಇಬ್ಬರೂ ಎರಡು ಮಾರಿನ ದೂರ ತಪ್ಪದೆ ಸರಿಯುತ್ತಿದ್ದರು. "ನಂದು!" ಎಂದು ಅವಳು ಕೂಗಿದರೆ ಅವನು ಅವಳ ಬೆನ್ನಿಗೆ ಕಾವಲು. "ಬಿಡು!" ಎಂದು ಅವನು ಕೂಗಿದ. ಕೂಗಿದ ಮೇಲೆ ಏಕವಚನ ಬಂತೆಂದು ಗೊತ್ತಾಗಿ ಅವನ ಕಿವಿಗಳು ಕೆಂಪಾದವು. ಅಷ್ಟರಲ್ಲಿ ಪಾಯಿಂಟು ಬಂದಿತ್ತು.

"ಹಂಗ ಕರೀರಿ," ಎಂದಳು ಅಮೃತಾ, ಹಾದುಹೋಗುವಾಗ. ಮೆಲ್ಲಗೆ.

ಎರಡನೆಯ ಸೆಟ್ಟು ಆರು-ನಾಲ್ಕು. ಕೊಟ್ಟೂರಿಗೆ!

ಇನ್ನು ಹತ್ತು ಪಾಯಿಂಟಿನ ಟೈಬ್ರೇಕ್. ಅದೇ ಕೊನೆ. ಅಲ್ಲಿ ಯಾರೂ ಯಾರಿಗೂ ಬಗ್ಗಲಿಲ್ಲ. ಸೈಮಾ ಬೈಯುವುದನ್ನೂ ಮರೆತಳು. ಒಂಬತ್ತು-ಎಂಟು, ಹಡಗಲಿ ಮುಂದೆ. ಒಂದು ಪಾಯಿಂಟು ಹೋದರೆ ಮುಗಿಯಿತು.

ಮೌನೇಶ್ ಹತ್ತಿರ ಬಂದ. ರಾಕೆಟ್ ಬಾಯಿಗೆ ಅಡ್ಡ ಹಿಡಿಯುವುದನ್ನೂ ಮರೆತಿದ್ದ.

"ನಾಳಿ ಯಾರೋ ಬರಾಕತ್ತಾರಂತ... ಸರ್ ಅಂದ್ರು."

"ಹೌದು."

"ನೀವು ಏನ್ ಹೇಳೀರಿ?"

"ಇನ್ನೂ ಹೇಳಿಲ್ಲ."

ಅವನು ಏನೋ ಹೇಳಲು ಹೋದ. ಅಂಪೈರು ಕೆಮ್ಮಿದ. ಅವನು ತನ್ನ ಜಾಗಕ್ಕೆ ಹೋದ.

ಚೆಂಡು ಆ ಕಡೆ, ಈ ಕಡೆ. ಅಮೃತಾ ಹೊಡೆದಳು. ಮುಬಶ್ಶಿರ ತಡೆದ. ಸೈಮಾ ಬಾಗಿ, ಬೇಕೆಂದೇ, ಇಬ್ಬರ ನಟ್ಟನಡುವಿಗೆ ಹೊಡೆದಳು.

ಹಿಂದಿನ ಹೊಡೆತ ಯಾರದೋ, ನಡುವಿನದೂ ಅವರದೇ ಎಂದು ಸರ್ ವಾರವಿಡೀ ಹೇಳಿದ್ದರು. ಆ ಲೆಕ್ಕಕ್ಕೆ ಅದು ಅಮೃತಾಳದು.

"ನಂದು!" ಎಂದಳು ಅವಳು.

"ನಂದು!" ಎಂದ ಅವನೂ!

ವಾರವಿಡೀ ಬಾರದವನು ಈಗ ಗಾಳಿಯಂತೆ ಬಂದಿದ್ದ. ಎರಡು ರಾಕೆಟ್ಟುಗಳು ಫಟಾರ್ ಎಂದು ಬಡಿದವು. ಚೆಂಡು ನೆಟ್ಟಿಗೆ ತಗುಲಿ, ಹಣ್ಣೆಲೆಯಂತೆ ಕೆಳಗಿಳಿಯಿತು.

ಆಟ ಮುಗಿಯಿತು. ಸೋತರು.

"ಯಾ ಅಲ್ಲಾ!" ಅಹಮದಸಾಬ ಸರ್ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡರು. "ಒಂದು ವಾರ ಇಬ್ಬರೂ ಬಿಟ್ರು! ಈಗ ಇಬ್ಬರೂ ಬಂದ್ರು!"

ಅಮೃತಾ ನೆಲದ ಮೇಲೆ ಕೂತು ನಗುತ್ತಿದ್ದಳು. ಕಣ್ಣಲ್ಲಿ ನೀರು. ಎಡಗೈ ಬೆರಳ ಗೆಣ್ಣಿನಲ್ಲಿ ರಕ್ತ. ಸೋತದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ಆ ಕೋರ್ಟು ಕಂಡಿರಲಾರದು.

ಮೌನೇಶ್ ಮಂಡಿಯೂರಿ ಕೂತ. ಕೇಳದೆಯೇ ಅವಳ ಎಡಗೈ ಹಿಡಿದ. ಒಂದೊಂದೇ ಬೆರಳು ಮಡಚಿ, ಬಿಡಿಸಿ ನೋಡಿದ.

"ಮುರಿದಿಲ್ಲ."

"ನಾನೇನು ಹೋರಿಕರಾನ, ಹಂಗ ನೋಡಾಕ?"

"ಹೋರಿಕರಾ ಆಗಿದ್ರ ಇಷ್ಟು ಹೆದರ್ತಿರಲಿಲ್ಲ." ಅವನು ಕೈ ಬಿಡಲಿಲ್ಲ. "ಟೀಚರ್... ಅಮೃತಾ... ಯಾವ ಹೂ ಬಿದ್ದರೂ ಬೀಳದಿದ್ರೂ, ನನಗ ನೀವು ಬೇಕು. ಅವತ್ತ ಹೇಳಬೇಕಿತ್ತು. ಬಾಯಿ ಬರಲಿಲ್ಲ."

ಅವನ ಕೈಯೊಳಗಿನ ಅಮೃತಾಳ ಬೆರಳುಗಳು, ಗಾಯವನ್ನೂ ಲೆಕ್ಕಿಸದೆ, ಬಿಗಿಯಾದವು.

*

ಕಪ್ಪು ಹಡಗಲಿಗೆ ಹೋಯಿತು. ಹೋಗುವಾಗ ಸೈಮಾ, "ಈಗರ ನಿಮ್ಮವರೇನು?" ಎಂದು ಕಿವಿಯಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ನಗುತ್ತಾ ಹೋದಳು.

ಬೇವಿನ ಮರದಡಿ ನಿಂತು ಮೌನೇಶ್ ಫೋನಿನ ಸ್ಪೀಕರ್ ಹಾಕಿದ.

"ದೊಡ್ಡವ್ವ, ಹೋದ ವರ್ಷ ಕೊಟ್ಟೂರು ಹುಡುಗೀದು ಹೂ ಕೇಳಿದ್ಯಾ?"

ಆ ಕಡೆ ಸ್ವಲ್ಪ ಹೊತ್ತು ಬರೀ ಕೋಳಿಯ ಸದ್ದು.

"ಈಗ್ಯಾಕಪ್ಪ ಅದು... ಕೇಳಾಕ ಹೋಗಿದ್ದೆ. ಮಂದಿ ಭಾಳ ಇತ್ತು. ವಾಪಸ್ ಬಂದೆ."

"ಮತ್ತ ಎಡಕ್ಕ ಬಿತ್ತು ಅಂದಿ?"

"ಕೇಳಿದ್ರ ಬೀಳ್ತಿತ್ತು ಬಿಡು! ಆಕಿ ಎಡಚಿ ಅಲ್ಲೇನು? ನಿಮ್ಮವ್ವ ಇಲ್ಲದ ಮನಿ, ಏನರ ಹೆಚ್ಚುಕಡಿಮಿ ಆದ್ರ ಮಂದಿ ನನಗ ಅಂತಾರ. ಹೆದರಿಕಿ ಆತಪ್ಪ ನನಗ..." ಮುದುಕಿಯ ದನಿ ಸಣ್ಣದಾಯಿತು. "ಅಲ್ಲಿ ಅದಾಳೇನು ಆಕಿ?"

"ಅದಾಳ. ಆಕಿ ಎಡಗೈಲೆ ನಾವು ಇವತ್ತು ಒಂದು ಸೆಟ್ ಗೆದ್ವಿ ದೊಡ್ಡವ್ವ. ನಾಳಿ ಅವರ ಮನಿಗೆ ಹೋಗ್ತೀನಿ. ನೀನು ಬಂದ್ರ ಕರ್ಕೊಂಡು ಹೋಗ್ತೀನಿ, ಇಲ್ಲಾಂದ್ರ ಒಬ್ಬನ."

ಮತ್ತೆ ಕೋಳಿ.

"...ಒಬ್ಬನ ಹೋಗಿ ಮೂಗನಂಗ ಕುಂತು ಬರ್ತಿ. ನಾನೂ ಬರ್ತೀನಿ ತಡಿ."

ಅಮೃತಾ ತನ್ನ ಫೋನು ತೆಗೆದಳು. ಅವ್ವನ ಏಳು ಕರೆಗಳು. ತಿರುಗಿ ತಾನೇ ಕರೆ ಮಾಡಿದಳು.

"ಅವ್ವಾ, ದಾವಣಗೇರಿಯವರಿಗೆ ಬರಬ್ಯಾಡ್ರಿ ಅಂತ ಹೇಳು."

"ಏನಂದಿ?! ಏನ್ ಅಂತ ಹೇಳಲಿ? ಹೂ ಎಡಕ್ಕ ಬಿತ್ತು ಅನ್ನಲಾ?"

"ಹೂವಿನ ಹೆಸರು ಹೇಳಬ್ಯಾಡವ್ವ. ನನ್ನ ಮಗಳಿಗೆ ಮನಸ್ಸಿಲ್ಲ ಅನ್ನು. ಉಳದದ್ದು ಬಂದು ಹೇಳ್ತೀನಿ. ನೀ ಅಳಬ್ಯಾಡ... ಒಳ್ಳೇದ ಆಗೈತಿ."

ನಾಗರತ್ನಮ್ಮ ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಕೊನೆಗೆ, "ಉಂಡಿ ಏನು?" ಎಂದಳು. ಮಗಳ ಮಾತಿಗೆ ತಾಯಿ ಸೋತಾಗ ಕೇಳುವ ಪ್ರಶ್ನೆ ಅದೊಂದೇ.

ಫೋನಿಟ್ಟಳೋ ಇಲ್ಲವೋ, ಮೌನೇಶನ ಫೋನು ಬಡಿದುಕೊಂಡಿತು. ಮಾತಾಡಿ, ಸಂಕೋಚದಿಂದ ಅವಳತ್ತ ನೋಡಿದ.

"ನೀಲಗುಂದದಾಗ ಒಂದು ಆಕಳು ಈಯಾಕ ಆಗವಲ್ದಂತ. ಮಧ್ಯಾಹ್ನದಿಂದ ಒದ್ದಾಡಾಕತ್ತೈತಿ. ಇಲ್ಲಿ ಡಾಕ್ಟ್ರು ರಜಾ ಅದಾರ. ನಾನು... ಹೋಗಬೇಕು. ನಿಮ್ಮನ್ನ ಬಸ್ಸಿಗೆ..."

"ನಡೀರಿ," ಅಮೃತಾ ಬ್ಯಾಗು ಹೆಗಲಿಗೇರಿಸಿದಳು. "ನಾನೂ ಬರ್ತೀನಿ."

"ಅಲ್ಲಿ ಕೆಸರು, ಸಗಣಿ..."

"ನಾನು ಪಿ.ಟಿ. ಟೀಚರ್ ಡಾಕ್ಟ್ರೆ. ಧ್ವಜ ಹಾರಿಸೋದು ಬಿಟ್ರ ಉಳದದ್ದೆಲ್ಲಾ ಮಣ್ಣಾಗ ಮಾಡಾಕಿ."

ಅವನು ನಕ್ಕ. ಇದ್ದ ಒಂದೇ ಹೆಲ್ಮೆಟ್ಟನ್ನು ಅವಳ ತಲೆಗಿಟ್ಟು, ಗಲ್ಲದ ಕೆಳಗೆ ಪಟ್ಟಿ ಹಾಕಿದ.

"ಅಲ್ಲಿ ನಾ ಏನ್ ಮಾಡಬೇಕು?" ಅಮೃತಾ ಕೇಳಿದಳು.

"ಬ್ಯಾಟರಿ ಹಿಡೀಬೇಕು."

"ಅಷ್ಟನಾ?"

"ಮತ್ತ... ಪಕ್ಕದಾಗ ಇರಬೇಕು."

"ಎಷ್ಟೊತ್ತು?"

ಮೌನೇಶ್ ಬೈಕಿಗೆ ಒದ್ದ. ಅದು ಹೊತ್ತಿಕೊಂಡಿತು. ಅವಳು ಹತ್ತಿ ಕೂತಳು. ಅವನ ಹೆಗಲ ಮೇಲೆ ಕೈಯಿಟ್ಟಳು.

"ಕರಾ ಹುಟ್ಟೋತನಕ," ಎಂದ ಅವನು.

ಗೇಟು ದಾಟಿದ ಮೇಲೆ ಕತ್ತನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಗಾಳಿಯಲ್ಲಿ ಕೇಳಿಸಲೆಂದು ಗಟ್ಟಿಯಾಗಿ ಕೂಗಿದ.

"ಅದಾದ ಮ್ಯಾಲೂ!"